ಬಾವು ಕಿವಿ ಕೆಳಗೆ, ಬಯಾಪ್ಸಿ ತುಟಿಯಿಂದ ಯಾಕೆ? ಅವ್ವನಿಗೆ ಮಾಡಿಸಬೇಕಾ?

ಗುಮ್ಮಟದೂರಾಕಿ (ವಿಜಯಪುರ)

ನಮಸ್ಕಾರ ರೀ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ನಮ್ಮವ್ವನಿಗೆ 54 ವರ್ಷ. ನಾಲ್ಕು ವರ್ಷದಿಂದ ಬಾಯಿ ಒಣಗುತ್ತದೆ. ಮೊದಲು ನಾವು ಯಾರೂ ಲಕ್ಷ್ಯ ಕೊಡಲಿಲ್ಲ. ವಿಜಯಪುರದ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟಿದರೆ ಊರಿಗೆ ಊರೇ ಬಾಯಿ ಒಣಗಿಸಿಕೊಂಡು ಕೂತಿರುತ್ತದೆ. ಉಷ್ಣ ಆಗಿದೆ ಅಂದರು, ಕಾಮಕಸ್ತೂರಿ ಬೀಜ ನೆನೆಸಿ ಕುಡಿಸಿದೆವು, ಮಜ್ಜಿಗೆ ಕುಡಿಸಿದೆವು. ಮಳೆಗಾಲ ಬಂತು, ಚಳಿ ಬಂತು, ಬಾಯಿ ಮಾತ್ರ ಹಾಗೇ. ರಾತ್ರಿ ದಿಂಬಿನ ಪಕ್ಕ ತಂಬಿಗೆ ನೀರು ಇಟ್ಟುಕೊಂಡೇ ಮಲಗುತ್ತಾಳೆ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಎಚ್ಚರ ಆಗುತ್ತದೆ ಅಂತಾಳೆ. ಕಡಕ್ ರೊಟ್ಟಿ ಬಿಟ್ಟು ಎರಡು ವರ್ಷ ಆಯಿತು. ಶೇಂಗಾ ಚಟ್ನಿ ಬಾಯಿಗೆ ಹಾಕಿದರೆ ಸಿಮೆಂಟ್ ಹಾಗೆ ಹಲ್ಲಿಗೆ ಮೆತ್ತಿಕೊಳ್ಳುತ್ತದಂತೆ. ನಮ್ಮ ಕಡೆ ಹೆಣ್ಣುಮಗಳು ರೊಟ್ಟಿ ಚಟ್ನಿ ಬಿಟ್ಟಳು ಅಂದರೆ ಏನೋ ಆಗಿದೆ ಅಂತ ನಮಗೆ ಆಗಲೇ ಹೊಳೆಯಬೇಕಿತ್ತು.

ಎರಡು ವರ್ಷದ ಹಿಂದೆ ಎಡಗಡೆ ಕಿವಿ ಕೆಳಗೆ ಬಾವು ಬಂತು. ಮಂಗನಬಾವು ಅಂದರು ಓಣಿಯವರು. ಹತ್ತು ದಿನಕ್ಕೆ ಇಳಿಯಿತು. ಎರಡು ತಿಂಗಳಿಗೆ ಮತ್ತೆ ಬಂತು. ಒಂದು ದವಾಖಾನೆಯಲ್ಲಿ ಎರಡು ಸಲ ಆಂಟಿಬಯೋಟಿಕ್ ಕೊಟ್ಟರು. ಇನ್ನೊಂದು ಕಡೆ ಹಲ್ಲಿನ ಸೋಂಕು ಅಂತ ದವಡೆಯ ಎರಡು ಹಲ್ಲು ಕಿತ್ತರು. ಈಗ ಎರಡೂ ಕಡೆ ಊದಿಕೊಂಡಿದೆ, ನೋವು ಅಷ್ಟಿಲ್ಲ, ಮುಟ್ಟಿದರೆ ರಬ್ಬರಿನ ಹಾಗಿದೆ. ಕಣ್ಣು ಉರಿ ಬೇರೆ, ಮರಳು ಬಿದ್ದ ಹಾಗೆ. ಕೈ ಬೆರಳಿನ ಕೀಲು ಬೆಳಿಗ್ಗೆ ಬಿಗಿ ಹಿಡಿಯುತ್ತವೆ. ಶುಗರ್ ಮೂರು ಸಲ ನೋಡಿಸಿದೆವು, ಇಲ್ಲ.

ಈ ಸಲ ಸೋಲಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಎಎನ್‌ಎ ಪಾಸಿಟಿವ್, ಅಂದರೆ ಮೈಯದೇ ಕಣಗಳ ಮೇಲೆ ತಿರುಗಿಬೀಳುವ ಪ್ರತಿಕಾಯ ರಕ್ತದಲ್ಲಿವೆಯಂತೆ, ಆದರೆ ಆಂಟಿ-ರೋ ಅಂತ ಅಂಥದ್ದೇ ಇನ್ನೊಂದು, ಅದು ನೆಗೆಟಿವ್. "ಶೋಗ್ರೆನ್ ಅಂತ ಬಾಯಿ, ಕಣ್ಣು ಒಣಗಿಸುವ ರೋಗ ಇರಬಹುದು, ಕಣ್ಣಿನ ಡಾಕ್ಟರಿಗೆ ತೋರಿಸಿ, ತುಟಿಯಿಂದ ತುಣುಕು ತೆಗೆದು ಬಯಾಪ್ಸಿ ಮಾಡಿಸೋಣ" ಅಂದರು. ಜನ ಜಾಸ್ತಿ ಇದ್ದರು, ಕೇಳಬೇಕಾದ್ದು ಬಾಯಿಗೆ ಬರಲಿಲ್ಲ, ಚೀಟಿ ಹಿಡಿದುಕೊಂಡು ಬಂದುಬಿಟ್ಟೆವು.

ಮನೆಯಲ್ಲಿ ಈಗ ದೊಡ್ಡ ಗಲಾಟೆ. ಬಯಾಪ್ಸಿ ಅಂದರೆ ಕ್ಯಾನ್ಸರ್ ಅಂತ ನಮ್ಮ ಕಾಕಾ, ಗಂಟಿಗೆ ಸೂಜಿ ಚುಚ್ಚಿದರೆ ಹರಡುತ್ತದೆ ಅಂತ ನಮ್ಮಜ್ಜಿ. ನನ್ನ ಪ್ರಶ್ನೆ ಒಂದೇ. ಬಾವು ಇರುವುದು ಕಿವಿ ಕೆಳಗೆ, ತುಟಿಯಿಂದ ಯಾಕೆ ತೆಗೆಯುತ್ತಾರೆ? ನಿಜವಾಗಲೂ ಬೇಕಾ ಇದು?

ಕರದಂಟು_ಪ್ರಿಯ (ಬಾಗಲಕೋಟೆ)

ಅಕ್ಕಾರ, ಇದು ಕಲ್ಲು ಇರಬಹುದು ನೋಡ್ರಿ. ನನಗೂ ಹೀಗೇ ಆಗಿತ್ತು. ಕಿಡ್ನಿಯಲ್ಲಿ ಆದ ಹಾಗೆ ಜೊಲ್ಲಿನ ಗ್ರಂಥಿಯಲ್ಲೂ ಕಲ್ಲು ಆಗುತ್ತದೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು. ಊಟಕ್ಕೆ ಕೂತು ಮೊದಲ ತುತ್ತು ಬಾಯಿಗೆ ಇಟ್ಟರೆ ಸಾಕು, ಗದ್ದದ ಕೆಳಗೆ ಬಲಗಡೆ ಚೆಂಡಿನ ಹಾಗೆ ಉಬ್ಬುತ್ತಿತ್ತು, ಪ್ರಾಣ ಹೋಗುವಷ್ಟು ನೋವು. ಒಂದು ತಾಸಿಗೆ ಇಳಿಯುತ್ತಿತ್ತು. ಒಮ್ಮೆ ಮದುವೆ ಮನೆಯಲ್ಲಿ ಉಪ್ಪಿನಕಾಯಿ ನೆಕ್ಕಿ ಪಂಕ್ತಿಯಿಂದಲೇ ಎದ್ದು ಹೋಗಿದ್ದೆ. ಎಲ್ಲರೂ ಅಡುಗೆ ಸರಿ ಇಲ್ಲ ಅಂದುಕೊಂಡರು ಪಾಪ.

ಡಾಕ್ಟರ್ ನಾಲಿಗೆ ಎತ್ತಿಸಿ ಕೆಳಗೆ ಬೆರಳಾಡಿಸಿ "ಇಲ್ಲೇ ಇದೆ" ಅಂದರು. ಸ್ಕ್ಯಾನ್‌ನಲ್ಲೂ ಕಂಡಿತು. ಒಳಗಿಂದಲೇ ಸಣ್ಣದಾಗಿ ಕೊಯ್ದು ತೆಗೆದರು, ತೊಗರಿ ಕಾಳಿನಷ್ಟಿತ್ತು. ಅಲ್ಲಿಯವರೆಗೆ ಲಿಂಬೆಹಣ್ಣು ಚೀಪಿ, ನೀರು ಜಾಸ್ತಿ ಕುಡಿಯಿರಿ, ಕೆಳಗಿನಿಂದ ಬಾಯಿ ಕಡೆಗೆ ನೀವಿ ಅಂದಿದ್ದರು. ನೀವೂ ಲಿಂಬೆಹಣ್ಣು ಚೀಪಿಸಿ ನೋಡಿ, ಬಯಾಪ್ಸಿ ಎಲ್ಲ ಆಮೇಲೆ.

ಹಳೇಬೇರು (ಮುದ್ದೇಬಿಹಾಳ)

ಅರಿಶಿನ ಸುಣ್ಣ ಕಲೆಸಿ ಬಿಸಿ ಮಾಡಿ ಬಾವಿನ ಮೇಲೆ ಹಚ್ಚಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಅದರಲ್ಲೇ ಇಳಿದಿದೆ. ದವಾಖಾನೆಗೆ ಸುಮ್ನೆ ರೊಕ್ಕ ಸುರಿಯಬೇಡಿ.

ನವನಗರದಕ್ಕ (ಬಾಗಲಕೋಟೆ)

ತಂಗಿ, ನಿಮ್ಮ ಬರಹ ಓದಿ ನನ್ನದೇ ಕಥೆ ಯಾರೋ ಬರೆದ ಹಾಗೆ ಆಯಿತು. ನನಗೆ ಶೋಗ್ರೆನ್ ಇದೆ. 29ನೇ ವಯಸ್ಸಿಗೆ ಗೊತ್ತಾಯಿತು, ಈಗ 36.

ಮೊದಲು ಒಂದು ಮಾತು. ಅರಿಶಿನ ಸುಣ್ಣ ಹಚ್ಚಬೇಡಿ. ಮಂಗನಬಾವು ಹಚ್ಚಿದರೂ ಇಳಿಯುತ್ತದೆ, ಹಚ್ಚದಿದ್ದರೂ ಹತ್ತು ದಿನಕ್ಕೆ ಇಳಿಯುತ್ತದೆ, ಹೆಸರು ಮಾತ್ರ ಸುಣ್ಣಕ್ಕೆ ಹೋಗುತ್ತದೆ. ನನ್ನ ಗಲ್ಲ ಸುಟ್ಟು ಕಪ್ಪಾಗಿ ಆರು ತಿಂಗಳು ಹಾಗೇ ಇತ್ತು, ಹಚ್ಚಿದ್ದು ನಮ್ಮತ್ತೆ, ಪ್ರೀತಿಯಿಂದಲೇ ಹಚ್ಚಿದ್ದು, ಏನು ಹೇಳುವುದು ಹೇಳಿ. ಮಂಗನಬಾವು ಎರಡು ತಿಂಗಳಿಗೊಮ್ಮೆ ತಿರುಗಿ ಬರುವ ರೋಗವೂ ಅಲ್ಲ.

ಈಗ ಬಯಾಪ್ಸಿ. ಹೆಸರಿಗೆ ಮಾತ್ರ ದೊಡ್ಡದು. ನನಗೆ ಹಲ್ಲಿನ ಕುರ್ಚಿಯಲ್ಲೇ ಕೂರಿಸಿ ಮಾಡಿದರು. ಕೆಳತುಟಿಯ ಒಳಮೈಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರು, ನೋವು ಅಂದರೆ ಅದೊಂದೇ. ಆಮೇಲೆ ಚರ್ಮ ಸ್ವಲ್ಪ ಸೀಳಿ ಒಳಗಿನ ಸಣ್ಣ ಸಣ್ಣ ಕಾಳು ಐದಾರು ತೆಗೆದರು. ಡಬ್ಬಿಯಲ್ಲಿ ಹಾಕಿದ್ದನ್ನು ನನಗೂ ತೋರಿಸಿದರು, ಸಾಸಿವೆ, ಜೋಳದ ಕಾಳು, ಅಷ್ಟೇ. ಎರಡು ಹೊಲಿಗೆ. ಅರ್ಧ ತಾಸೂ ಆಗಲಿಲ್ಲ. ಎರಡು ದಿನ ತುಟಿ ದಪ್ಪ ಆಗಿ ಖಾರ ತಿನ್ನಲು ಆಗಲಿಲ್ಲ. ಒಂದು ಕಡೆ ಸ್ವಲ್ಪ ಜೋಮು ಹಿಡಿದ ಹಾಗೆ ಒಂದು ತಿಂಗಳು ಇತ್ತು, ತಾನೇ ಹೋಯಿತು. ಅಪರೂಪಕ್ಕೆ ಕೆಲವರಿಗೆ ಆ ಜೋಮು ಉಳಿಯುತ್ತದೆ ಅಂತ ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಅವ್ವ ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ಹೇಳಿ.

ಈ ರೋಗದ ಮಜಾ ಅಂದರೆ (ಮಜಾ ಅನ್ನಬಾರದು, ಆದರೂ) ಇದು ಒಂದು ಕಡೆ ಕೂರುವುದಿಲ್ಲ. ಹಲ್ಲಿಗೆ ಹಲ್ಲಿನ ಡಾಕ್ಟರ್, ಕಣ್ಣಿಗೆ ಕಣ್ಣಿನ ಡಾಕ್ಟರ್, ಕೀಲಿಗೆ ಕೀಲಿನ ಡಾಕ್ಟರ್, ಬಾವಿಗೆ ಕಿವಿ-ಮೂಗಿನ ಡಾಕ್ಟರ್, ಸುಸ್ತಿಗೆ "ರಕ್ತ ಕಡಿಮೆ ಇದೆ" ಅನ್ನುವ ಓಣಿಯ ಡಾಕ್ಟರ್. ನಾನು ಮೂರು ವರ್ಷ ಹೀಗೆ ಐದು ಬಾಗಿಲು ತಿರುಗಿದೆ. ಐದೂ ಒಂದೇ ಮನೆಯ ಬಾಗಿಲು ಅಂತ ಹೇಳಿದ್ದು ಬೆಳಗಾವಿಯಲ್ಲಿ ಒಬ್ಬ ಮೇಡಂ. ಅವರು ಎರಡೇ ಪ್ರಶ್ನೆ ಕೇಳಿದರು. ರೊಟ್ಟಿ ನೀರಿಲ್ಲದೆ ನುಂಗುತ್ತೀಯಾ? ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣೀರು ಬರುತ್ತದಾ? ನನಗೆ ಎರಡು ವರ್ಷದಿಂದ ಬರುತ್ತಿರಲಿಲ್ಲ. ಮನೆಯಲ್ಲಿ ಹಬ್ಬ ಹುಣ್ಣಿಮೆ ಬಂದರೆ ನೆಗೆಣ್ಣಿಯರೆಲ್ಲ ಉಳ್ಳಾಗಡ್ಡಿ ಬುಟ್ಟಿ ನನ್ನ ಮುಂದೇ ಇಡುತ್ತಿದ್ದರು, ನಾನೂ ಹೆಮ್ಮೆ ಪಡುತ್ತಿದ್ದೆ, ದಡ್ಡಿ.

ಅವ್ವನನ್ನೂ ಇದೇ ಕೇಳಿ ನೋಡಿ.

ದವಡೆಯ_ಕೆಲಸದವ (ಬೆಳಗಾವಿ)

ನಾನು ದಂತವೈದ್ಯ, ಬಾಯಿಯ ರೋಗಗಳನ್ನು ನೋಡುತ್ತೇನೆ. ತಾಯಿಯವರನ್ನು ನೋಡದೆ ಇದೇ ರೋಗ ಅಂತ ನಾನು ಹೇಳುವುದಿಲ್ಲ. ನಿಮ್ಮ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೇನೆ.

ಜೊಲ್ಲು ಬರುವುದು ಮೂರು ಜೋಡಿ ದೊಡ್ಡ ಗ್ರಂಥಿಗಳಿಂದ. ಕಿವಿಯ ಮುಂದೆ ಮತ್ತು ಕೆಳಗೆ ಒಂದು ಜೋಡಿ, ಗದ್ದದ ಕೆಳಗೆ ಒಂದು, ನಾಲಿಗೆಯ ಕೆಳಗೆ ಒಂದು. ಇವಲ್ಲದೆ ತುಟಿ, ಗಲ್ಲ, ಅಂಗುಳದ ಒಳಗೆ ನೂರಾರು ಸಣ್ಣ ಗ್ರಂಥಿಗಳಿವೆ. ಆರೋಗ್ಯವಾಗಿದ್ದರೆ ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ಜೊಲ್ಲು ಕೊಡುತ್ತವೆ. ಶೋಗ್ರೆನ್ನಿನಲ್ಲಿ ಮೈ ಕಾಯಬೇಕಾದ ಬಿಳಿ ರಕ್ತಕಣಗಳೇ ತಪ್ಪು ತಿಳಿದು ಈ ಗ್ರಂಥಿಗಳ ಒಳಗೆ ಠಿಕಾಣಿ ಹೂಡುತ್ತವೆ. ದೊಡ್ಡದು ಚಿಕ್ಕದು ಅಂತ ಭೇದ ಮಾಡುವುದಿಲ್ಲ. ಹಾಗಾಗಿ ಕಿವಿ ಕೆಳಗಿನ ಗ್ರಂಥಿಯಲ್ಲಿ ನಡೆಯುತ್ತಿರುವುದು ತುಟಿಯ ಗ್ರಂಥಿಯಲ್ಲೂ ಕಾಣುತ್ತದೆ. ಹೊಲದಲ್ಲಿ ಯಾವ ತೆನೆ ಕಿತ್ತು ನೋಡಿದರೂ ಬೆಳೆಗೆ ಬಂದ ರೋಗ ತಿಳಿಯುತ್ತದಲ್ವಾ, ಹಾಗೆ. ಕಿವಿ ಕೆಳಗಿನ ಗ್ರಂಥಿಯ ನಡುವೆ ಮುಖದ ನರ ಹಾದು ಹೋಗುತ್ತದೆ. ಸುಲಭವಾಗಿ ತುಟಿಯಲ್ಲಿ ಸಿಗುವಾಗ ಅಲ್ಲಿ ಯಾಕೆ ಕೈ ಹಾಕಬೇಕು?

ತೆಗೆದ ಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಗುಂಪುಗಳನ್ನು ಎಣಿಸುತ್ತಾರೆ. 50 ಅಥವಾ ಜಾಸ್ತಿ ಕಣ ಒಂದೆಡೆ ಗುಂಪುಗೂಡಿದ್ದರೆ ಅದು ಒಂದು ಫೋಕಸ್. 4 ಚದರ ಮಿಲಿಮೀಟರ್ ಜಾಗದಲ್ಲಿ ಅಂಥದ್ದು ಒಂದಾದರೂ ಇದ್ದರೆ ಪಾಸಿಟಿವ್. ಇಲ್ಲಿ ಹುಡುಕುತ್ತಿರುವುದು ಕ್ಯಾನ್ಸರನ್ನಲ್ಲ, ಇದನ್ನು ನಿಮ್ಮ ಕಾಕಾ ಅವರಿಗೆ ಹೇಳಿ.

ಬೇಕಾ ಬೇಡವಾ ಅನ್ನುವುದಕ್ಕೆ ಒಂದು ಲೆಕ್ಕ ಇದೆ. 2016ರಲ್ಲಿ ಅಮೆರಿಕ, ಯುರೋಪಿನ ರುಮಟಾಲಜಿ (ಕೀಲುವಾತದ ಡಾಕ್ಟರುಗಳ) ಸಂಘಗಳು ಸೇರಿ ಅಂಕಪಟ್ಟಿ ಮಾಡಿದವು. ಆಂಟಿ-ರೋ ಪಾಸಿಟಿವ್ ಇದ್ದರೆ 3 ಅಂಕ, ತುಟಿಯ ಬಯಾಪ್ಸಿ ಪಾಸಿಟಿವ್ ಇದ್ದರೆ 3. ಕಣ್ಣಿನ ಪರೀಕ್ಷೆಗಳು ಎರಡು, ಒಂದೊಂದಕ್ಕೆ 1. ಜೊಲ್ಲು ಅಳೆಯುವುದಕ್ಕೆ 1, ಸುಮ್ಮನೆ ಕೂತಾಗ ನಿಮಿಷಕ್ಕೆ 0.1 ಮಿಲಿ ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಒಟ್ಟು 4 ಆದರೆ ಶೋಗ್ರೆನ್ ಎಂದು ಲೆಕ್ಕ. ತಾಯಿಯವರಿಗೆ ಆಂಟಿ-ರೋ ಪಾಸಿಟಿವ್ ಬಂದಿದ್ದರೆ ಕಣ್ಣಿನದೊಂದು ಸೇರಿಸಿ ಲೆಕ್ಕ ಮುಗಿಯುತ್ತಿತ್ತು, ತುಟಿ ಮುಟ್ಟುವ ಕೆಲಸವೇ ಇರುತ್ತಿರಲಿಲ್ಲ. ಅದು ನೆಗೆಟಿವ್ ಬಂದಿದ್ದಕ್ಕೇ ನಿಮ್ಮ ಡಾಕ್ಟರ್ ಬಯಾಪ್ಸಿ ಕೇಳುತ್ತಿದ್ದಾರೆ. ಸರಿಯಾಗಿಯೇ ಕೇಳಿದ್ದಾರೆ. ರಕ್ತದಲ್ಲಿ ಇಲ್ಲ ಅಂದ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ.

ಕರದಂಟು ಅಣ್ಣ ಹೇಳಿದ್ದು ಅವರ ಮಟ್ಟಿಗೆ ನಿಜ. ಜೊಲ್ಲಿನ ಕಲ್ಲುಗಳಲ್ಲಿ 80 ಶೇಕಡಾ ಹೆಚ್ಚೂ ಕಡಿಮೆ ಗದ್ದದ ಕೆಳಗಿನ ಗ್ರಂಥಿಯಲ್ಲೇ ಆಗುತ್ತವೆ. ಒಂದು ಕಡೆ, ಊಟದ ಹೊತ್ತಿಗೆ ಉಬ್ಬಿ ಆಮೇಲೆ ಇಳಿಯುವುದು ಅದರ ಗುರುತು. ಇವರದ್ದು ಎರಡೂ ಕಡೆ, ಊಟಕ್ಕೂ ಬಾವಿಗೂ ಸಂಬಂಧವಿಲ್ಲ, ಜೊತೆಗೆ ಕಣ್ಣು, ಕೀಲು. ಕಲ್ಲಿನ ಚಿತ್ರ ಇದಲ್ಲ. ದಯವಿಟ್ಟು ಲಿಂಬೆಹಣ್ಣು ಚೀಪಿಸಬೇಡಿ. ಜೊಲ್ಲು ಇದ್ದವರ ಬಾಯಿಗೆ ಹುಳಿ ಬಿದ್ದರೆ ಜೊಲ್ಲೇ ತೊಳೆದು ಹಾಕುತ್ತದೆ. ಒಣ ಬಾಯಲ್ಲಿ ಹುಳಿ ಹಲ್ಲಿನ ಮೇಲೆ ಹಾಗೇ ಕೂತು ತಿನ್ನುತ್ತದೆ.

ಅವರ ಹಲ್ಲು ವಸಡಿನ ಅಂಚಿನಲ್ಲಿ ಕೊಳೆಯುತ್ತಿವೆಯಾ ನೋಡಿ. ಮಾಮೂಲಿ ಹುಳುಕು ಅಗಿಯುವ ಮೇಲ್ಭಾಗದಲ್ಲಿ, ಹಲ್ಲಿನ ಸಂದಿಯಲ್ಲಿ ಬರುತ್ತದೆ. ಒಣ ಬಾಯಿಯದ್ದು ಬುಡ ಕಡಿಯುತ್ತದೆ, ಒಳ್ಳೆಯ ಹಲ್ಲು ಬುಡದಲ್ಲೇ ಮುರಿದು ಬೀಳುತ್ತದೆ. ಫ್ಲೋರೈಡ್ ಜಾಸ್ತಿ ಇರುವ ಪೇಸ್ಟ್ ಬರೆಸಿಕೊಳ್ಳಿ, ಮೂರು ನಾಲ್ಕು ತಿಂಗಳಿಗೊಮ್ಮೆ ಹಲ್ಲಿಗೆ ಫ್ಲೋರೈಡ್ ವಾರ್ನಿಶ್ ಹಚ್ಚಿಸಿ. ನಮ್ಮ ಬಾಗಲಕೋಟೆ, ವಿಜಯಪುರ ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಇರುವ ಊರುಗಳಿವೆ, ಅದಕ್ಕೆ ಜನ ಈ ಹೆಸರು ಕೇಳಿದರೇ ಗಾಬರಿ ಆಗುತ್ತಾರೆ. ವರ್ಷಗಟ್ಟಲೆ ಕುಡಿಯುವುದು ಬೇರೆ, ಹಲ್ಲಿಗೆ ಹಚ್ಚಿ ಉಗುಳುವುದು ಬೇರೆ. ತಂಬಾಕಿನ ಪುಡಿಯಿಂದ ಹಲ್ಲು ಉಜ್ಜುವ ರೂಢಿ ಇದ್ದರೆ ಇವತ್ತೇ ಬಿಡಿಸಿ.

ಇನ್ನೊಂದು ಕೇಳಬೇಕಿತ್ತು. ಅವರು ಏನೇನು ಗುಳಿಗೆ ತೆಗೆದುಕೊಳ್ಳುತ್ತಾರೆ? ನೆಗಡಿ-ಅಲರ್ಜಿ ಗುಳಿಗೆ, ನಿದ್ದೆಗೆ ಅಥವಾ ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ಹೆಚ್ಚು ಮಾಡುವ ಬಿಪಿ ಗುಳಿಗೆ, ಇವೂ ಬಾಯಿ ಒಣಗಿಸುತ್ತವೆ. ಹೆಪಟೈಟಿಸ್ ಸಿ, ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸುತ್ತಾರೆ, ತಪ್ಪು ತಿಳಿಯಬೇಡಿ. ಅವುಗಳಲ್ಲೂ ಇದೇ ಗ್ರಂಥಿಗಳು ಊದುತ್ತವೆ, ಮೊದಲು ಅವು ಇಲ್ಲ ಅಂತ ಖಾತ್ರಿ ಆಗಬೇಕು.

ಗುಮ್ಮಟದೂರಾಕಿ (ವಿಜಯಪುರ)

ಸರ್, ಅಕ್ಕಾ, ಇಬ್ಬರಿಗೂ ಕೈ ಮುಗಿಯುತ್ತೇನೆ. ತೆನೆಯ ಮಾತು ಅಜ್ಜಿಗೆ ಓದಿ ಹೇಳಿದೆ. "ಹಂಗಾದ್ರ ತುಟಿ ನೋಡಿದ್ರ ಸಾಕೇನು" ಅಂತ ಸ್ವಲ್ಪ ತಣ್ಣಗಾಗಿದ್ದಾಳೆ. ಗುಳಿಗೆ ಅಂದರೆ ಅವ್ವ ಬಿಪಿದೊಂದೇ ತೆಗೆದುಕೊಳ್ಳುವುದು, ಅದೂ ಹೋದ ವರ್ಷದಿಂದ. ಬಾಯಿ ಅದಕ್ಕಿಂತ ಮೊದಲೇ ಒಣಗಿತ್ತು.

ಅಕ್ಕಾ, ಕಣ್ಣೀರಿನ ಮಾತು ಕೇಳಿದಿರಿ. ಅವ್ವನಿಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ಒಂದೂವರೆ ವರ್ಷದ ಹಿಂದೆ ನಮ್ಮ ಸೋದರಮಾವ ತೀರಿಕೊಂಡರು. ಅವ್ವನಿಗೆ ಒಬ್ಬನೇ ತಮ್ಮ. ಅವತ್ತು ಅವಳು ಎದೆ ಬಡಿದುಕೊಂಡು ಅತ್ತಳು, ದನಿ ಬಿದ್ದು ಹೋಗಿತ್ತು, ಆದರೆ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಅದನ್ನು ಹೆಂಗಸರು ನೋಡಿದ್ದಾರೆ. ನಮ್ಮ ಚಿಗವ್ವ ಆಮೇಲೆ ನಾಲ್ಕು ಜನರ ಮುಂದೆ "ಒಣ ಅಳು" ಅಂದಳಂತೆ. ಅವ್ವ ಇಷ್ಟು ದಿನ ನನಗೆ ಇದನ್ನು ಹೇಳಿರಲಿಲ್ಲ. ತನಗೇ ಅನುಮಾನ ಬಂದಿತ್ತಂತೆ, ನನ್ನ ಮನಸ್ಸೇ ಕಲ್ಲಾಗಿದೆಯಾ ಅಂತ.

ನನಗೆ ಬರೆಯಲು ಆಗುತ್ತಿಲ್ಲ ಈಗ. ಇನ್ನೊಂದು ಪ್ರಶ್ನೆ ಇದೆ, ನಾಳೆ ಕೇಳುತ್ತೇನೆ.

ನವನಗರದಕ್ಕ (ಬಾಗಲಕೋಟೆ)

ಅಯ್ಯೋ ತಂಗಿ. ಅವ್ವನ ಕೈ ಹಿಡಿದು ಹೇಳು, ಅದು ಮನಸ್ಸಿನದಲ್ಲ ಗ್ರಂಥಿಯದು. ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ ಶಿರ್ಮರ್ ಅಂತ ಪರೀಕ್ಷೆ ಮಾಡುತ್ತಾರೆ, ಕೆಳರೆಪ್ಪೆಯ ಅಂಚಿಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. ಎಷ್ಟು ಮಿಲಿಮೀಟರ್ ಒದ್ದೆ ಆಯಿತು ಅಂತ ನೋಡುತ್ತಾರೆ. 5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಒಣಗಣ್ಣು. ನನ್ನದು 2 ಬಂದಿತ್ತು. ಆ ಕಾಗದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಘಟಪ್ರಭಾ_ದಂಡೆ (ಗೋಕಾಕ)

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮಪ್ಪನಿಗೆ 63. ಗದ್ದದ ಕೆಳಗೆ ಎರಡೂ ಕಡೆ ಗಟ್ಟಿ ಗಂಟು, ನೋವಿಲ್ಲ, ಕಣ್ಣಿನ ಮೇಲ್ರೆಪ್ಪೆಗಳೂ ಊದಿದ್ದವು. ನಾವು ಮಿರಜಕ್ಕೆ ಹೋಗುವಾಗ ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ, ಎಲ್ಲರ ತಲೆಯಲ್ಲೂ ಒಂದೇ ಶಬ್ದ. ಮೊದಲು ಶೋಗ್ರೆನ್ ಅಂದುಕೊಂಡರು, ಆದರೆ ಬಾಯಿ ಅಷ್ಟೇನೂ ಒಣಗಿರಲಿಲ್ಲ. ಗಂಟಿನಿಂದಲೇ ತುಣುಕು ತೆಗೆದು ನೋಡಿದಾಗ ಐಜಿಜಿ4 ರೋಗ ಅಂತ ಬಂತು, ಇದೂ ಮೈ ಕಾಯುವ ಕಣಗಳು ಸೇರಿಕೊಂಡು ಗ್ರಂಥಿ ಊದಿಸುವ ರೋಗ. ಸ್ಟೀರಾಯ್ಡ್ ಶುರು ಮಾಡಿದ ಎರಡು ವಾರಕ್ಕೆ ಗಂಟು ಕರಗಿದವು, ನಮಗೆ ನಂಬಲು ಆಗಲಿಲ್ಲ. ಪರೀಕ್ಷೆ ಮಾಡಿಸದೆ ಇದ್ದಿದ್ದರೆ ನಾವು ಇನ್ನೂ ಹೆದರಿಕೊಂಡೇ ಕೂತಿರುತ್ತಿದ್ದೆವು. ಮಾಡಿಸಿಬಿಡಿ.

ದವಡೆಯ_ಕೆಲಸದವ (ಬೆಳಗಾವಿ)

ಗೋಕಾಕದವರು ಹೇಳಿದ್ದಕ್ಕೆ ಒಂದು ಹಳೆಯ ಕಥೆ ಇದೆ. 1888ರಲ್ಲಿ ಮಿಕುಲಿಚ್ ಎಂಬ ಶಸ್ತ್ರವೈದ್ಯ ಒಬ್ಬ ರೈತನನ್ನು ನೋಡಿದ. ಕಣ್ಣೀರಿನ ಗ್ರಂಥಿ, ಜೊಲ್ಲಿನ ಗ್ರಂಥಿ ಎಲ್ಲ ಊದಿದ್ದವು, ನೋವಿರಲಿಲ್ಲ. 1933ರಲ್ಲಿ ಸ್ವೀಡನ್ನಿನ ಕಣ್ಣಿನ ಡಾಕ್ಟರ್ ಹೆನ್ರಿಕ್ ಶೋಗ್ರೆನ್ ಒಣಗಣ್ಣಿನ 19 ಹೆಂಗಸರ ಬಗ್ಗೆ ಪ್ರಬಂಧ ಬರೆದ. ಅವರಲ್ಲಿ ಹೆಚ್ಚಿನವರಿಗೆ ಕೀಲುವಾತವೂ ಇತ್ತು. ಆಮೇಲೆ ಬಹಳ ಕಾಲ ಎರಡೂ ಒಂದೇ ರೋಗ ಅಂತಲೇ ತಿಳಿದಿದ್ದರು. ಮಿಕುಲಿಚ್ ಕಂಡದ್ದು ಐಜಿಜಿ4 ಗುಂಪಿನದು, ಶೋಗ್ರೆನ್ನಿಗಿಂತ ಬೇರೆ, ಅಂತ ಸ್ಪಷ್ಟವಾಗಿದ್ದು ಈ ಶತಮಾನದಲ್ಲೇ. ಒಂದು ಗಂಡಸರಲ್ಲಿ ಜಾಸ್ತಿ, ಇನ್ನೊಂದು ಹೆಂಗಸರಲ್ಲಿ, 10 ಜನರಲ್ಲಿ 9 ಜನ ಹೆಂಗಸರೇ. ಒಂದು ಸ್ಟೀರಾಯ್ಡಿಗೆ ಬೆಣ್ಣೆಯಂತೆ ಕರಗುತ್ತದೆ, ಇನ್ನೊಂದು ಹಾಗೆ ಕರಗುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಗಲ್ಲದ ಬಾವೇ.

ಪುಟ್ಟನ_ಅವ್ವ (ಜಮಖಂಡಿ)

ಸರ್, ನನ್ನ ಮಗನಿಗೆ 5 ವರ್ಷ. ವರ್ಷದಲ್ಲಿ ಮೂರು ಸಲ ಒಂದೇ ಕಡೆ ಮಂಗನಬಾವು ಬಂತು. ಮಂಗನಬಾವು ಮೂರು ಸಲ ಬರುತ್ತದಾ?

ದವಡೆಯ_ಕೆಲಸದವ (ಬೆಳಗಾವಿ)

ಹಾಗೆ ಬರುವುದಿಲ್ಲ ತಾಯಿ. ಮಕ್ಕಳಲ್ಲಿ ಕಿವಿ ಕೆಳಗಿನ ಗ್ರಂಥಿ ಮತ್ತೆ ಮತ್ತೆ ಊದುವ ಬೇರೆಯೇ ತೊಂದರೆ ಇದೆ. ಬಹುತೇಕ ಮಕ್ಕಳಿಗೆ ಹರೆಯಕ್ಕೆ ಬರುವ ಹೊತ್ತಿಗೆ ತಾನೇ ನಿಲ್ಲುತ್ತದೆ. ಒಂದು ಅಲ್ಟ್ರಾಸೌಂಡ್ ಮಾಡಿಸಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಹಾಗೇ ಲಸಿಕೆ ಕಾರ್ಡೂ ನೋಡಿಕೊಳ್ಳಿ. ಸರ್ಕಾರದಿಂದ ಹಾಕುವ ಎಂಆರ್ ಲಸಿಕೆ ದಡಾರ, ರುಬೆಲ್ಲಾಕ್ಕೆ. ಮಂಗನಬಾವೂ ಸೇರಿರುವುದು ಎಂಎಂಆರ್.

ಗುಮ್ಮಟದೂರಾಕಿ (ವಿಜಯಪುರ)

ನಿನ್ನೆ ಕೇಳುತ್ತೇನೆ ಅಂದಿದ್ದೆ. ಇಂಟರ್‌ನೆಟ್ಟಿನಲ್ಲಿ ಓದುತ್ತಿದ್ದಾಗ ಶೋಗ್ರೆನ್ ಇದ್ದವರಿಗೆ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್, ಬರುತ್ತದೆ ಅಂತ ಕಂಡಿತು. ಅಂದರೆ ಕಾಕಾ ಹೇಳಿದ್ದೇ ನಿಜವಾ? ಅಕ್ಕಾ, ನಿಮಗೆ ಹೆದರಿಕೆ ಆಗುವುದಿಲ್ಲವಾ? ದಿನ ಹೇಗೆ ಕಳೆಯುತ್ತೀರಿ?

ದವಡೆಯ_ಕೆಲಸದವ (ಬೆಳಗಾವಿ)

ಮುಚ್ಚಿಡುವುದಿಲ್ಲ. ಈ ರೋಗ ಇದ್ದವರಲ್ಲಿ ಲಿಂಫೋಮಾ ಆಗುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಇಡೀ ಆಯುಷ್ಯದಲ್ಲಿ 100 ಜನರಲ್ಲಿ ಸುಮಾರು 5ರಿಂದ 10 ಜನರಿಗೆ. ಅಂದರೆ 90 ಅಥವಾ ಅದಕ್ಕಿಂತ ಜಾಸ್ತಿ ಜನರಿಗೆ ಆಗುವುದಿಲ್ಲ. ಆದವರಲ್ಲೂ ಬಹುಪಾಲು ನಿಧಾನ ಬೆಳೆಯುವ ಜಾತಿಯದು, ಬೇಗ ಹಿಡಿದರೆ ಚಿಕಿತ್ಸೆ ಇದೆ. ಬಾವು ಬಂದು ಹೋಗುವುದು ಬಿಟ್ಟು ತಿಂಗಳುಗಟ್ಟಲೆ ಹಾಗೇ ನಿಂತರೆ, ಒಂದು ಕಡೆಯದು ಮಾತ್ರ ಗಟ್ಟಿಯಾಗಿ ಬೆಳೆದರೆ, ಕಾಲಿನ ಮೇಲೆ ನೇರಳೆ ಚುಕ್ಕೆ ಎದ್ದರೆ, ಕಾರಣ ಇಲ್ಲದೆ ತೂಕ ಇಳಿದರೆ, ರಾತ್ರಿ ಬೆವರಿನಲ್ಲಿ ತೋಯ್ದು ಹೋದರೆ, ಮುಂದಿನ ತಾರೀಖಿಗೆ ಕಾಯಬೇಡಿ. ನಿಮ್ಮ ತಾಯಿಯವರಿಗೆ ಈಗ ಎರಡೂ ಕಡೆ ಊದಿ ನಿಂತಿದೆ ಅಂದಿರಿ, ಅಲ್ಟ್ರಾಸೌಂಡ್ ಆಗಿಲ್ಲದಿದ್ದರೆ ತಡ ಮಾಡದೆ ಮಾಡಿಸಿ. ನಿಮ್ಮ ಕಾಕಾ ಪರೀಕ್ಷೆ ಬೇಡ ಅನ್ನುತ್ತಿರುವುದು ಯಾವ ಹೆದರಿಕೆಗೋ, ಅದೇ ಹೆದರಿಕೆಗೆ ಪರೀಕ್ಷೆ ಬೇಕು. ಯಾವ ರೋಗ ಅಂತ ಗೊತ್ತಿದ್ದರೆ ತಾನೇ ಏನನ್ನು ಕಾಯಬೇಕು ಅಂತ ಗೊತ್ತಾಗುವುದು?

ನವನಗರದಕ್ಕ (ಬಾಗಲಕೋಟೆ)

ಹೆದರಿಕೆ ಇತ್ತು ತಂಗಿ, ಈಗ ಮಕ್ಕಳ ಪರೀಕ್ಷೆ ಹೆದರಿಕೆ ಮುಂದೆ ಅದು ಹಿಂದೆ ಸರಿದಿದೆ.

ನಾನು ದಿನಕ್ಕೊಂದು ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುತ್ತೇನೆ. ಕೀಲು ನೋವು, ಸುಸ್ತು ಕಡಿಮೆ ಆಯಿತು, ಆದರೆ ಬಾಯಿ ಒಣಗುವುದು ಅದರಿಂದ ಹೋಗಲಿಲ್ಲ. ಅದನ್ನು ತೆಗೆದುಕೊಂಡರೆ ಕಣ್ಣಿನ ಪರದೆ ಆಗಾಗ ಪರೀಕ್ಷೆ ಮಾಡಿಸಬೇಕು, ಇದನ್ನು ತಪ್ಪಿಸಬೇಡಿ. ಬಾಯಿಗೆ ಪೈಲೋಕಾರ್ಪಿನ್ 5 ಎಂಜಿ, ದಿನಕ್ಕೆ ಮೂರು ಸಲ. ಇದು ಉಳಿದ ಗ್ರಂಥಿಗಳನ್ನು ತಿವಿದು ಕೆಲಸ ಮಾಡಿಸುತ್ತದೆ. ದಮ್ಮು ಇದ್ದವರಿಗೆ, ಕೆಲವು ಜಾತಿಯ ಗ್ಲಾಕೋಮಾ ಇದ್ದವರಿಗೆ ಕೊಡುವುದಿಲ್ಲ. ಕಣ್ಣಿಗೆ ಹನಿ, ಅದೂ ಪ್ರಿಸರ್ವೇಟಿವ್ ಇಲ್ಲದ್ದು.

ಊಟ ಹೇಳುತ್ತೇನೆ ಕೇಳು. ಕಡಕ್ ರೊಟ್ಟಿ ಬಿಡಬೇಕಿಲ್ಲ. ನಾನು ಮುರಿದು ಬಿಸಿ ಸಾರಿನಲ್ಲೋ ಮಜ್ಜಿಗೆಯಲ್ಲೋ ನೆನೆಸಿ ತಿನ್ನುತ್ತೇನೆ. ಬಿಸಿ ಬಿಸಿ ಮೆತ್ತನೆ ರೊಟ್ಟಿಗೆ ಬದನೆಕಾಯಿ ಎಣ್ಣೆಗಾಯಿ ಇದ್ದರೆ ಜಾರಿಕೊಂಡು ಹೋಗುತ್ತದೆ. ಶೇಂಗಾ ಚಟ್ನಿಗೆ ಮೊಸರು ಹಾಕಿ ಕಲೆಸು, ಗುರೆಳ್ಳು ಚಟ್ನಿಗೂ ಹಾಗೇ. ನುಚ್ಚು ಮಜ್ಜಿಗೆ ಅಂತೂ ನಮ್ಮಂಥವರಿಗೇ ಕಂಡುಹಿಡಿದ ಹಾಗಿದೆ. ಕರದಂಟು ಬೇಡ (ಮೇಲಿನ ಅಣ್ಣ ಕ್ಷಮಿಸಲಿ), ಬೆಲ್ಲ ಹಲ್ಲಿಗೆ ಅಂಟಿ ಕೂತರೆ ನಮ್ಮ ಬಾಯಲ್ಲಿ ತೊಳೆಯುವವರು ಇಲ್ಲ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗಿಯುತ್ತೇನೆ. ಮೊದಲು ಸಂಕೋಚ ಆಗುತ್ತಿತ್ತು, ಗೃಹಿಣಿ ಗಮ್ ಅಗಿಯುತ್ತಾ ಸಂತೆಗೆ ಹೋಗುವುದು ನೋಡಿ ಜನ ಏನಂದುಕೊಳ್ಳುತ್ತಾರೋ ಅಂತ. ಈಗ ಇಲ್ಲ. ನೀರನ್ನು ಒಮ್ಮೆಗೇ ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಬೇಕು, ಇಲ್ಲದಿದ್ದರೆ ರಾತ್ರಿ ಎಲ್ಲ ಬಚ್ಚಲಿಗೆ ಓಡಾಟ.

ಇದನ್ನು ಓದುತ್ತಿರುವ, ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಒಂದು ಮಾತು, ನಿನ್ನ ಅವ್ವನಿಗೆ ಇದು ಸಂಬಂಧವಿಲ್ಲ. ನನಗೆ ಆಂಟಿ-ರೋ ಪಾಸಿಟಿವ್. ಬಸಿರಾದಾಗ ಆ ಪ್ರತಿಕಾಯ ಮಗುವಿಗೆ ದಾಟಿ ಹೃದಯದ ಬಡಿತ ನಿಧಾನ ಮಾಡಬಹುದು, 100ರಲ್ಲಿ ಒಂದೆರಡು ಮಕ್ಕಳಿಗೆ. ನನಗೆ 16ನೇ ವಾರದಿಂದ ಮಗುವಿನ ಹೃದಯದ ಎಕೋ ಮಾಡುತ್ತಾ ಬಂದರು, ಗುಳಿಗೆ ನಿಲ್ಲಿಸಲಿಲ್ಲ. ಪ್ರತಿ ಸಲ ಬೆಳಗಾವಿ ಬಸ್ಸಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿರುತ್ತಿದ್ದೆ. ಮಗಳು ಈಗ ಒಂದನೇ ಕ್ಲಾಸು. ಮದುವೆಗೆ ಮುಂಚೆ ಇದನ್ನು ಮುಚ್ಚಿಡಬೇಡಿ, ಬಸಿರಿಗೆ ಮುಂಚೆ ಡಾಕ್ಟರಿಗೆ ಅಂತೂ ಮುಚ್ಚಿಡಲೇಬೇಡಿ.

ಕರದಂಟು_ಪ್ರಿಯ (ಬಾಗಲಕೋಟೆ)

ನಾನು ಕಲ್ಲು ಕಲ್ಲು ಅಂದು ತಪ್ಪು ದಾರಿ ತೋರಿಸುತ್ತಿದ್ದೆ, ಕ್ಷಮಿಸಿ ಅಕ್ಕಾರ. ಕರದಂಟು ಬೇಡ ಅಂದಿದ್ದಕ್ಕೆ ಮಾತ್ರ ಬಾಗಲಕೋಟೆ ಅಕ್ಕನ ಮೇಲೆ ಸಿಟ್ಟಿದೆ.

ಗುಮ್ಮಟದೂರಾಕಿ (ವಿಜಯಪುರ)

ಐದು ವಾರ ಆಯಿತು, ಬಂದು ಹೇಳಬೇಕು ಅನಿಸಿತು.

ಬಯಾಪ್ಸಿ ಆಯಿತು. ನವನಗರದಕ್ಕ ಹೇಳಿದ ಹಾಗೇ ಕುರ್ಚಿಯಲ್ಲೇ, ಇಂಜೆಕ್ಷನ್ ಚುಚ್ಚಿದಾಗ ಅವ್ವ ನನ್ನ ಕೈ ಹಿಂಡಿದಳು, ಅಷ್ಟೇ. ಕಾಕಾನೇ ಗಾಡಿ ಓಡಿಸಿಕೊಂಡು ಬಂದಿದ್ದ, ಹೊರಗೆ ಕೂತು ಎರಡು ಚಹಾ ಕುಡಿದ. ರಿಪೋರ್ಟಿನಲ್ಲಿ ಫೋಕಸ್ ಸ್ಕೋರ್ 2 ಬಂದಿದೆ. ಶೋಗ್ರೆನ್ನೇ. ಅಲ್ಟ್ರಾಸೌಂಡಿನಲ್ಲಿ ಗ್ರಂಥಿಗಳೊಳಗೆ ಸಣ್ಣ ಸಣ್ಣ ಕಪ್ಪು ಚುಕ್ಕೆ ಕಾಣುತ್ತವೆ, ಈ ರೋಗದಲ್ಲಿ ಹಾಗೆ ಇರುತ್ತದೆ ಅಂದರು, ಅನುಮಾನದ ಗಂಟು ಯಾವುದೂ ಇಲ್ಲ. ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. ಕಿತ್ತ ಎರಡು ಹಲ್ಲು ಕೀಳಬೇಕಿರಲಿಲ್ಲವೇನೋ ಅಂತ ಅವ್ವ ಕೇಳಿದಳು, ಅದಕ್ಕೆ ಯಾರೂ ಉತ್ತರ ಹೇಳಲಿಲ್ಲ.

ಶಿರ್ಮರ್ ಎಡಗಣ್ಣು 3, ಬಲಗಣ್ಣು 2. ಕಣ್ಣಿನ ಡಾಕ್ಟರ್ ಹತ್ತಿರ ಅವ್ವ ಆ ಎರಡು ಕಾಗದದ ಪಟ್ಟಿ ಕೇಳಿ ಇಸಿದುಕೊಂಡಳು. ಯಾಕೆ ಅಂತ ಅವರಿಗೂ ಅರ್ಥ ಆಗಲಿಲ್ಲ, ನನಗೂ ಆಗಲಿಲ್ಲ. ಹೋದ ಭಾನುವಾರ ಮಾಮಾನ ವರ್ಷದ ಕಾರ್ಯ ಇತ್ತು, ತಡವಾಗಿ ಮಾಡಿದ್ದು. ಅಡುಗೆಮನೆಯಲ್ಲಿ ಎಲ್ಲರೂ ಕೂತಿದ್ದಾಗ ಅವ್ವ ಸೆರಗಿನ ಗಂಟು ಬಿಚ್ಚಿ ಆ ಪಟ್ಟಿ ಚಿಗವ್ವನ ಕೈಗೆ ಕೊಟ್ಟಳು. "ನೋಡವ್ವ, ಐದು ನಿಮಿಷಕ್ಕ ಇಷ್ಟ ನೀರು. ಅದಕ್ಕಿಂತ ಜಾಸ್ತಿ ನನ್ನ ಹತ್ರ ಇಲ್ಲ" ಅಂದಳು. ಚಿಗವ್ವ ಏನೂ ಮಾತಾಡಲಿಲ್ಲ. ಉಳ್ಳಾಗಡ್ಡಿ ಬುಟ್ಟಿ ತನ್ನ ಕಡೆ ಎಳೆದುಕೊಂಡಳು.

ಅಕ್ಕಾ, ಪೈಲೋಕಾರ್ಪಿನ್ ಶುರು ಮಾಡಿ ಹತ್ತು ದಿನ ಆಯಿತು. ಬಾಯಿ ಸ್ವಲ್ಪ ಒದ್ದೆ ಇದೆ ಅಂತಾಳೆ, ಆದರೆ ಬೆವರು ಹರಿಯುತ್ತದೆ, ಸೀರೆ ತೋಯುತ್ತದೆ. ನಿಮಗೂ ಹೀಗೇ ಆಗಿತ್ತಾ?

ನವನಗರದಕ್ಕ (ಬಾಗಲಕೋಟೆ)

ಆಗಿತ್ತು, ಅದು ಆ ಗುಳಿಗೆಯದ್ದೇ. ನನಗೆ ಡಾಕ್ಟರ್ ಮೊದಲು ದಿನಕ್ಕೆ ಒಂದೇ ಕೊಟ್ಟು ಆಮೇಲೆ ಏರಿಸಿದರು, ಬೆವರು ತಡೆಯುವಷ್ಟಕ್ಕೆ ಬಂತು. ನೀನಾಗಿ ನಿಲ್ಲಿಸಬೇಡ, ಫೋನ್ ಮಾಡಿ ಕೇಳು. ಹತ್ತಿ ಸೀರೆ ಉಡಿಸು. ಅವ್ವನಿಗೆ ನನ್ನ ನಮಸ್ಕಾರ ಹೇಳು.